ರೆಕ್ಕೆ ಮುಚ್ಚುವ ಮೊದಲೇ ಅನುಭವಿಗಳಿಗೆ ತೋರಿಸಬೇಕೆ?

ಪ್ರಶ್ನೆ, ತುಮಕೂರಿನಿಂದ:

ನಮಸ್ಕಾರ. ಹಿರೇಹಳ್ಳಿಯ ನನ್ನ ಶೆಡ್ಡಿನಲ್ಲಿ ಇಬ್ಬರು ಕೂರುವ ಅಲ್ಯೂಮಿನಿಯಂ ವಿಮಾನವೊಂದನ್ನು ಕಿಟ್ ತರಿಸಿ ಕಟ್ಟುತ್ತಿದ್ದೇನೆ. ಬಾಲದ ಭಾಗ ಮುಗಿದಿದೆ. ಎಡರೆಕ್ಕೆಯ ಮೇಲ್ಹಾಳೆಗೆ ರಿವೆಟ್ ಹೊಡೆದಾಗಿದೆ, ಕೆಳಹಾಳೆ ಸದ್ಯಕ್ಕೆ ಕ್ಲೆಕೋಗಳ, ಅಂದರೆ ಬಿಚ್ಚಬಹುದಾದ ತಾತ್ಕಾಲಿಕ ಪಿನ್ನುಗಳ ಮೇಲೆ ನಿಂತಿದೆ. ಇಪ್ಪತ್ತು ವರ್ಷ ಲೇತ್ ನಡೆಸಿದವನಾದ್ದರಿಂದ ಅಳತೆಯ ವಿಷಯದಲ್ಲಿ ನನಗೆ ಅಳುಕಿಲ್ಲ. ಆದರೆ ವಿಮಾನ ಕಟ್ಟಿ ಅನುಭವವಿರುವ ಯಾರೊಬ್ಬರೂ ಇದುವರೆಗೆ ಈ ಕೆಲಸವನ್ನು ನೋಡಿಲ್ಲ. ಎರಡೂ ರೆಕ್ಕೆ ಮುಗಿಸಿ ಒಮ್ಮೆಲೇ ತೋರಿಸಿದರೆ ಸಾಲದೆ? ಬಂದವರ ಮುಂದೆ ಏನೇನು ಇಡಬೇಕು?

ಉತ್ತರ, ಕೋಲಾರದಿಂದ:

ಸಾಲದು ಸರ್. ಕೆಳಹಾಳೆ ಮುಚ್ಚಿದ ಮೇಲೆ ಬಂದವರಿಗೆ ಕಾಣುವುದು ಹೊರಮೈ ಮಾತ್ರ. ರೆಕ್ಕೆಯ ಉದ್ದದ ತೊಲೆಯಾದ ಸ್ಪಾರ್, ಅದಕ್ಕೆ ಅಡ್ಡಲಾಗಿ ನಿಲ್ಲುವ ರಿಬ್ಬುಗಳ ಜೋಡಣೆ, ಐಲರಾನನ್ನು (ರೆಕ್ಕೆಯ ಹಿಂಬದಿಯ ಆಡುವ ಫಲಕ) ಆಡಿಸುವ ಬೆಲ್‌ಕ್ರ್ಯಾಂಕ್ ಎಂಬ ಸನ್ನೆ ಎಲ್ಲವೂ ಕತ್ತಲೆಯ ಪಾಲಾಗಿರುತ್ತವೆ. 1953ರಲ್ಲಿ ಅಮೆರಿಕದಲ್ಲಿ ಹುಟ್ಟಿದ ಎಕ್ಸ್‌ಪೆರಿಮೆಂಟಲ್ ಏರ್‌ಕ್ರಾಫ್ಟ್ ಅಸೋಸಿಯೇಷನ್ನಿನಲ್ಲಿ ಟೆಕ್ನಿಕಲ್ ಕೌನ್ಸೆಲರ್ ಎಂಬ ಸ್ವಯಂಸೇವಕರಿದ್ದು, ಕೆಲಸ ನಡೆಯುತ್ತಿರುವಾಗಲೇ ಕಟ್ಟುವವರ ಶೆಡ್ಡಿಗೆ ಹೋಗಿ ನೋಡಿ ಬರುತ್ತಾರೆ. ನಮ್ಮ ಕಡೆ ಅಂಥವರನ್ನು ನಾವೇ ಹುಡುಕಿಕೊಳ್ಳಬೇಕು.

ನನ್ನದೇ ತಪ್ಪೊಂದನ್ನು ಹೇಳುತ್ತೇನೆ. ಬೋಲ್ಟು ತಿರುಗುವಿಕೆಗೆ ಒಳಗಾಗುವ ಕೀಲಿನಲ್ಲಿ ಕ್ಯಾಸಲ್ ನಟ್ (ತಲೆಯಲ್ಲಿ ಸೀಳುಗಳಿರುವ ನಟ್) ಹಾಕಿ, ಅದು ಬಿಚ್ಚಿಕೊಳ್ಳದಂತೆ ಆ ಸೀಳಿನಲ್ಲಿ ಕಾಟರ್ ಪಿನ್ ತೊಡಿಸಬೇಕಿತ್ತು. ನಾನು ಬರೀ ನೈಲಾನ್ ಬಳೆಯ ಹಿಡಿತದಿಂದ ನಿಲ್ಲುವ ಲಾಕ್‌ನಟ್ ಬಿಗಿದು, ಬಿಗಿದಾಯಿತೆಂಬ ಟಾರ್ಕ್ ಗುರುತಿನ ಬಣ್ಣವನ್ನೂ ಬಳಿದು, ಹೆಮ್ಮೆಯಿಂದ ಮುಂದಕ್ಕೆ ಹೋಗಿದ್ದೆ. ನಕ್ಷೆಯಲ್ಲಿ ಅದು ಸ್ಪಷ್ಟವಾಗಿಯೇ ಇತ್ತು. ಬಂದ ಹಿರಿಯರು ಟಾರ್ಚ್ ಬಿಟ್ಟ ಐದೇ ನಿಮಿಷದಲ್ಲಿ ಅದನ್ನು ಹಿಡಿದರು. ಹಾಗಾಗಿ ನಕ್ಷೆ, ತಯಾರಕರು ಹೊರಡಿಸಿದ ತಿದ್ದುಪಡಿಗಳು, ನಿಮ್ಮ ದಿನಚರಿ, ಮುಚ್ಚಿಹೋದ ಭಾಗಗಳ ಫೋಟೋ, ಇಷ್ಟನ್ನು ಮೇಜಿನ ಮೇಲಿಡಿ. ಶೆಡ್ಡು ಗುಡಿಸದಿದ್ದರೂ ನಡೆಯುತ್ತದೆ.

ಉತ್ತರ, ಚಿಕ್ಕಬಳ್ಳಾಪುರದಿಂದ:

ವಿಮಾನದ ತಗಡಿನ ಕೆಲಸ ಮಾಡಿ ನಿವೃತ್ತನಾದವನು ನಾನು. ರಿವೆಟ್ಟಿನ ವಿಷಯಕ್ಕೆ ಒಂದು ಮಾತು ಸೇರಿಸುತ್ತೇನೆ. ಬಡಿದ ಕಡೆಯ ತಲೆಯ ಅಗಲ ರಿವೆಟ್ ವ್ಯಾಸದ ಒಂದೂವರೆಯಷ್ಟು, ಎತ್ತರ ಅರ್ಧದಷ್ಟು ಇರಬೇಕು, ಅಂದರೆ 3.2 ಮಿ.ಮೀ. ರಿವೆಟ್ಟಿಗೆ 4.8 ಮತ್ತು 1.6 ಮಿ.ಮೀ. ತೂತಿನ ನಡುವಿನಿಂದ ಹಾಳೆಯ ಅಂಚಿಗೆ ಸಾಮಾನ್ಯವಾಗಿ ವ್ಯಾಸದ ಎರಡರಷ್ಟು ಜಾಗ ಬಿಡುತ್ತಾರೆ. ತುಸು ಓರೆಯಾದ ರಿವೆಟ್ಟನ್ನೆಲ್ಲ ಕೊರೆದು ತೆಗೆಯಲು ಹೊರಟರೆ ತೂತು ಅಗಲವಾಗಿ ಮೊದಲಿಗಿಂತ ಕೆಡುತ್ತದೆ. ಯಾವುದನ್ನು ತೆಗೆಯಬೇಕು, ಯಾವುದನ್ನು ಬಿಡಬೇಕು ಎಂಬ ಆ ವಿವೇಚನೆಗಾಗಿಯೇ ಅನುಭವಿಯನ್ನು ಕರೆಯುವುದು. ಹಾಳೆಯ ಅಂಚಿನ ಬರ್ (ಕತ್ತರಿಸಿದಾಗ ಉಳಿಯುವ ಚೂಪು ಎಳೆ) ಮತ್ತು ಗೀರುಗಳನ್ನೂ ತೋರಿಸಿ. ಬಿರುಕು ಅಲ್ಲಿಂದಲೇ ಮೊದಲಾಗುವುದುಂಟು.

ಇನ್ನೊಂದು ವಿಷಯ. ಪರಿಚಿತರು ನೋಡಿ ಒಪ್ಪಿದ ಮಾತ್ರಕ್ಕೆ ನಾಗರಿಕ ವಿಮಾನಯಾನ ನಿಯಂತ್ರಕ ಡಿಜಿಸಿಎ ಒಪ್ಪಿದಂತಾಗುವುದಿಲ್ಲ. ಆ ಪತ್ರವ್ಯವಹಾರವನ್ನು ರೆಕ್ಕೆಯ ಕೆಲಸದ ಜೊತೆಜೊತೆಗೇ ನಡೆಸಿ.

ಪ್ರಶ್ನೆ ಕೇಳಿದವರಿಂದ:

ಇಬ್ಬರಿಗೂ ಕೃತಜ್ಞತೆಗಳು. ಉತ್ತರ ಓದಿ ನಿನ್ನೆ ರಾತ್ರಿಯೇ ಕ್ಯಾಲಿಪರ್ ಹಿಡಿದು ಕೂತೆ. ಕಿಟ್‌ನಲ್ಲಿ ಕೊರೆದೇ ಬಂದ ತೂತುಗಳೆಲ್ಲ ಸರಿಯಾಗಿವೆ. ನಾನೇ ಕೊರೆದ ಬ್ರಾಕೆಟ್ಟಿನಲ್ಲಿ ಎರಡು ಕಡೆ ತೂತಿನಿಂದ ಅಂಚಿಗೆ 6.4 ಮಿ.ಮೀ. ಇರಬೇಕಾದಲ್ಲಿ 5.9 ಮಾತ್ರ ಇದೆ. ಲೇತಿನವನ ಜಂಬ ಸ್ವಲ್ಪ ಇಳಿಯಿತು. ತಯಾರಕರಿಗೆ ಫೋಟೋ ಸಮೇತ ಬರೆದಿದ್ದೇನೆ, ಕೆಳಹಾಳೆಯನ್ನು ಬಿಚ್ಚಿ ಗೋಡೆಗೆ ಒರಗಿಸಿದ್ದೇನೆ. ಕೋಲಾರದವರು ಬಿಡುವಿನ ಭಾನುವಾರವೊಂದನ್ನು ತಿಳಿಸಿದರೆ ಬಸ್ ನಿಲ್ದಾಣಕ್ಕೆ ನಾನೇ ಬಂದು ಕರೆದುಕೊಂಡು ಹೋಗುತ್ತೇನೆ.