ಸಂಕ್ರಾಂತಿಗೆ ಬಣ್ಣದ ಜೀರಿಗೆ ಮಿಠಾಯಿ, ಹಳದಿ ಬೆಲ್ಲ ಬೇಡ ಅಂತ ಲೇಔಟ್‌ನವರೆಲ್ಲ ಸೇರಿ ನಿಂತ್ರೆ ಏನಾದ್ರೂ ಆಗತ್ತಾ?

ಬೋಗಾದಿ_ಸೆಕೆಂಡ್_ಸ್ಟೇಜ್:

ಎಲ್ರಿಗೂ ನಮಸ್ಕಾರ. ನಮ್ ಲೇಔಟ್‌ನಲ್ಲಿ ಹೆಂಗಸರದ್ದೊಂದು ಗುಂಪಿದೆ, ಪ್ರತಿ ವರ್ಷ ಸಂಕ್ರಾಂತಿಗೆ ಎಳ್ಳು, ಕೊಬ್ಬರಿ, ಕಡ್ಲೆಬೀಜ, ಹುರಿಗಡ್ಲೆ, ಬೆಲ್ಲ ಎಲ್ಲಾ ಹೋಲ್‌ಸೇಲಲ್ಲಿ ತಂದು ಹಂಚ್ಕೊತೀವಿ, ಜೊತೆಗೆ ಬಣ್ಣದ ಜೀರಿಗೆ ಮಿಠಾಯಿ, ಸಕ್ಕರೆ ಅಚ್ಚು. ಹೋದ ವರ್ಷ ತಂದ ಬೆಲ್ಲ ನೋಡಿ ನಂಗೆ ಅನುಮಾನ ಶುರುವಾಯ್ತು, ನಿಂಬೆಹಣ್ಣಿನ ಥರ ಹಳದಿ, ಅಡಕೆ ಕತ್ತರೀಲಿ ಕತ್ತರಿಸ್ತಾ ಇದ್ರೆ ಒಳಗೆ ಸಕ್ಕರೆ ಹರಳಿನ ಥರ ಮಿಣಮಿಣ, ಮೂಗಿಗೆ ಹತ್ರ ಹಿಡಿದ್ರೆ ಬೆಂಕಿಪಟ್ಟಣದ ಕಡ್ಡಿ ಗೀರಿದಾಗ ಬರೋ ಅಂಥ ವಾಸನೆ. ಜೀರಿಗೆ ಮಿಠಾಯಿ ಕಥೆ ಬೇರೆ, ಗುಲಾಬಿ ಬಣ್ಣದ್ದು ಮಗಳ ಕೈಯಿಗೆ ಮೆತ್ಕೊಂಡಿದ್ದು ಸೋಪ್ ಹಾಕಿ ಉಜ್ಜಿದ್ರೂ ಪೂರ್ತಿ ಹೋಗ್ಲಿಲ್ಲ, ಎಳ್ಳು ಬೀರೋ ಡಬ್ಬಿ ಮುಚ್ಚಳದಲ್ಲಿ ಕಲೆ ಈಗ್ಲೂ ಇದೆ.

ಈ ಸಲ ನಾನು ಮತ್ತೆ ಇನ್ನೊಂದಿಬ್ರು ಬಣ್ಣದ್ದು ಯಾವ್ದೂ ಬೇಡ, ಅಂಗಡಿಯವರಿಗೆ ಹೇಳೋಣ, ಕೇಳಲಿಲ್ಲ ಅಂದ್ರೆ ಕಂಪ್ಲೇಂಟ್ ಕೊಡೋಣ ಅಂತಿದೀವಿ. ಗುಂಪಲ್ಲಿ ಒಬ್ರು ಹಿರಿಯರು "ವರ್ಷಕ್ಕೊಂದು ದಿನ ತಿಂದ್ರೆ ಏನಾಗತ್ರಮ್ಮ, ಬಣ್ಣ ಇಲ್ದೆ ಎಳ್ಳು ಬೀರಿದ್ರೆ ಸೂತಕದ ಮನೆಯದ್ದು ಅಂದ್ಕೋತಾರೆ" ಅಂತ ಕಡ್ಡಿ ಮುರಿದ ಹಾಗೆ ಹೇಳ್ಬಿಟ್ರು. ಮೈಸೂರಲ್ಲಿ ಇದನ್ನ ಟೆಸ್ಟ್ ಮಾಡಿಸೋದು ಎಲ್ಲಿ, ನಮ್ಮಂಥವರು ಕೊಟ್ರೆ ತಗೋತಾರಾ? ನಾಲ್ಕು ಮನೆಯವರು ಕೂಗಾಡಿದ್ರೆ ಏನಾದ್ರೂ ಬದಲಾಗತ್ತಾ ಅಥವಾ ಸುಮ್ನೆ ಗಂಟಲು ಒಣಗಿಸಿಕೊಳ್ಳೋದಾ?

ಹಳೇ_ಲ್ಯಾಬ್_ಮೇಷ್ಟ್ರು:

ತಂಗಿ, ಮೊದಲು ಒಂದು ವಿಷಯ ಬಿಡಿಸ್ಕೊಂಡುಬಿಡಿ, ಬಣ್ಣ ಅಂದ್ರೆಲ್ಲಾ ಒಂದೇ ಅಲ್ಲ. ನಮ್ಮ ದೇಶದಲ್ಲಿ ಆಹಾರಕ್ಕೆ ಹಾಕಬಹುದು ಅಂತ ಪರ್ಮಿಷನ್ ಇರೋ ಸಿಂಥೆಟಿಕ್, ಅಂದ್ರೆ ಕೃತಕ ಬಣ್ಣ ಎಂಟು. ಹಳದಿಗೆ ಟಾರ್ಟ್ರಜಿನ್, ಸನ್‌ಸೆಟ್ ಯೆಲ್ಲೋ, ಕೆಂಪಿಗೆ ಪಾನ್ಸೋ 4ಆರ್, ಕಾರ್ಮೋಸಿನ್, ಎರಿಥ್ರೋಸಿನ್, ಉಳಿದಿದ್ದು ನೀಲಿಗೆ ಇಂಡಿಗೋ ಕಾರ್ಮೈನ್, ಬ್ರಿಲಿಯಂಟ್ ಬ್ಲೂ, ಹಸಿರಿಗೆ ಫಾಸ್ಟ್ ಗ್ರೀನ್. ಅವನ್ನೂ ಎಲ್ಲದಕ್ಕೂ ಹಾಕೋ ಹಾಗಿಲ್ಲ, ಇಂತಿಂಥ ತಿಂಡಿಗೆ ಮಾತ್ರ, ಬಹಳಷ್ಟಕ್ಕೆ ಕೆಜಿಗೆ 100 ಮಿಲಿಗ್ರಾಂ ಮೀರಬಾರದು ಅಂತ ಲೆಕ್ಕ ಇದೆ. ಮಿಠಾಯಿಗೆ ಹಾಕಬಹುದು, ಬೆಲ್ಲಕ್ಕೆ ಹಾಕೋ ಹಾಗೇ ಇಲ್ಲ. ಇನ್ನು ರೋಡಮಿನ್-ಬಿ, ಮೆಟಾನಿಲ್ ಯೆಲ್ಲೋ ಇವೆಲ್ಲ ಬಟ್ಟೆ, ಕಾಗದಕ್ಕೆ ಹಾಕೋ ಬಣ್ಣ, ಇವು ಆಹಾರದಲ್ಲಿ ಒಂದು ಚಿಟಿಕೆ ಇದ್ರೂ ತಪ್ಪೇ.

ನಿಮ್ಮ ಗುಲಾಬಿ ಜೀರಿಗೆ ಮಿಠಾಯಿ ಬಗ್ಗೆ ನನಗೂ ಅನುಮಾನ ಇದೆ. ಆದ್ರೆ ಕೈಯಿಗೆ ಬಣ್ಣ ಹತ್ತಿದ್ದು ಸಾಕ್ಷಿ ಆಗಲ್ಲ, ನೀರಿಗೆ ಹಾಕಿದ್ರೆ ಬಣ್ಣ ಬಿಡತ್ತೆ ನೋಡಿ ಅಂತ ವಾಟ್ಸಾಪಲ್ಲಿ ಓಡಾಡೋ ವಿಡಿಯೋನೂ ಸಾಕ್ಷಿ ಅಲ್ಲ, ಪರ್ಮಿಟೆಡ್ ಬಣ್ಣನೂ ನೀರಲ್ಲಿ ಬಿಟ್ಟೇ ಬಿಡತ್ತೆ. ನಾವು ಲ್ಯಾಬಲ್ಲಿ ಮಾಡ್ತಿದ್ದಿದ್ದು ಹೀಗೆ, ತಿಂಡಿ ಕರಗಿಸಿದ ನೀರಿಗೆ ಸ್ವಲ್ಪ ಆಸಿಡ್ ಹಾಕಿ ಬಿಳೀ ಉಣ್ಣೆ ದಾರ ಮುಳುಗಿಸಿ ಕಾಯಿಸೋದು, ಸಿಂಥೆಟಿಕ್ ಬಣ್ಣ ಇದ್ರೆ ದಾರ ಹೀರ್ಕೊಳ್ಳತ್ತೆ, ತೊಳೆದ್ರೂ ಹೋಗಲ್ಲ. ಆಮೇಲೆ ಅಮೋನಿಯಾ ನೀರಲ್ಲಿ ಆ ದಾರದಿಂದ ಬಣ್ಣ ಬಿಡಿಸಿ, ಕಾಗದದ ಮೇಲೆ ಚುಕ್ಕೆ ಇಟ್ಟು ಓಡಿಸಿದ್ರೆ ಯಾವ ಬಣ್ಣ ಎಷ್ಟು ಎತ್ತರ ಏರ್ತು ಅಂತ ನೋಡಿ ಜಾತಿ ಹೇಳಬಹುದು. ರೋಡಮಿನ್ ಅಂತೂ ಯುವಿ ಲೈಟ್ ಬಿಟ್ರೆ ಕಿತ್ತಳೆ-ಗುಲಾಬಿ ಬೆಳಕು ಚೆಲ್ಲತ್ತೆ, ನೋಡೋಕೆ ಚಂದ, ಅದೇ ಬೇಜಾರು.

ಪರ್ಮಿಟೆಡ್ ಅಂದ್ರೆ ಪ್ರಶ್ನೆನೇ ಮಾಡಬಾರದು ಅಂತನೂ ಅಲ್ಲ. 2007ರಲ್ಲಿ ಇಂಗ್ಲೆಂಡಿನ ಸೌತಾಂಪ್ಟನ್ ಯೂನಿವರ್ಸಿಟಿಯವರು ಮಕ್ಕಳಿಗೆ ಬಣ್ಣದ ಮಿಶ್ರಣ ಕುಡಿಸಿ ಸ್ಟಡಿ ಮಾಡಿದ್ರು, ಮಕ್ಕಳ ಚಂಚಲತೆ ಸ್ವಲ್ಪ ಜಾಸ್ತಿ ಆಗಿದ್ದು ಕಂಡುಬಂತು, ಆಮೇಲೆ 2010ರಿಂದ ಯೂರೋಪಲ್ಲಿ ಟಾರ್ಟ್ರಜಿನ್, ಸನ್‌ಸೆಟ್ ಯೆಲ್ಲೋ ಸೇರಿ ಆರು ಬಣ್ಣಗಳಲ್ಲಿ ಯಾವ್ದು ಹಾಕಿದ್ರೂ ಮಕ್ಕಳ ಗಮನದ ಮೇಲೆ ಪರಿಣಾಮ ಆಗಬಹುದು ಅಂತ ಪ್ಯಾಕೆಟ್ ಮೇಲೆ ಬರೀಲೇಬೇಕು. ನಮ್ಮಲ್ಲಿ ಆ ಎಚ್ಚರಿಕೆ ಇಲ್ಲ.

ಸಂತೇಪೇಟೆ_ಸಗಟು:

ನಾನು ಅಂಗಡಿ ಇಟ್ಟಿರೋನು, ಬೈಯೋದಿದ್ರೆ ಆಮೇಲೆ ಬೈರಿ. ಮಬ್ಬು ಕಂದು ಬೆಲ್ಲನೂ ಇಡ್ತೀನಿ, ಹಳದೀದೂ ಇಡ್ತೀನಿ. ಹತ್ತು ಜನ ಬಂದ್ರೆ ಎಂಟು ಜನ "ಇದೇನ್ರಿ ಇಷ್ಟು ಕಪ್ಪಗಿದೆ, ಹಳೇ ಮಾಲಾ" ಅಂತ ಕಂದುದ್ದನ್ನ ಪಕ್ಕಕ್ಕೆ ತಳ್ತಾರೆ. ಸಕ್ಕರೆ ಅಚ್ಚೂ ಹಂಗೇನೆ, ಬರೀ ಬಿಳೀದು ತರಿಸಿದ್ರೆ ಹಬ್ಬ ಮುಗಿದ ಮೇಲೆ ಗೋಡೌನಲ್ಲೇ ಕೂತಿರತ್ತೆ. ನೀವು ಗುಂಪಾಗಿ ಬಂದು ಡಿಸೆಂಬರಲ್ಲೇ ಇಷ್ಟು ಕೆಜಿ ಬಣ್ಣ ಇಲ್ದಿರೋದು ಬೇಕು ಅಂತ ಅಡ್ವಾನ್ಸ್ ಕೊಟ್ರೆ ಯಾವ ಅಂಗಡಿಯವನೂ ಬೇಡ ಅನ್ನಲ್ಲ. ಹಬ್ಬದ ಹಿಂದಿನ ದಿನ ಬಂದು ಕೆಮಿಕಲ್ ಕೆಮಿಕಲ್ ಅಂತ ಕೂಗಿದ್ರೆ ನಾನೇನ್ ಮಾಡ್ಲಿ.

ಚಾಮರಾಜ_ಜೋಡಿ_ರಸ್ತೆ:

ಗೋಬಿ ಮಂಚೂರಿ ಕೆಂಪಗಿಲ್ಲ ಅಂದ್ರೆ ತಿನ್ನಲ್ಲ ಅನ್ನೋ ನಮ್ಮ ಹುಡುಗರಿಗೆ ಯಾರಾದ್ರೂ ಮೊದ್ಲು ಹೇಳ್ರಪ್ಪ 😀

ಆಲೆಮನೆ_ಪಾಂಡವಪುರ:

ಅಕ್ಕಾ ನಮ್ದೊಂದು ಆಲೆಮನೆ ಅದೆ, ಉಳ್ದೋರು ಏನಾರ ಅಂದ್ಕೊಳ್ಳಿ ಇದ್ದದ್ದು ಇದ್ದಂಗೆ ಹೇಳ್ಬುಡ್ತೀನಿ. ಕೊಪ್ಪರಿಗೆಲಿ ಕಬ್ಬಿನ ಹಾಲು ಕಾಯ್ತಾ ಬಂದಂಗೆ ಮಡ್ಡಿ ಮೇಲಕ್ ಬತ್ತದೆ. ಆಗ ಸುಣ್ಣದ ತಿಳಿ ಬುಟ್ಟು, ಬೆಂಡೆ ಗಿಡ ಜಜ್ಜಿ ನೀರಲ್ಲಿ ನೆನಾಕಿದ ಲೋಳೆ ಹುಯ್ದ್ರೆ ಕಸ ಎಲ್ಲಾ ಅದಕ್ಕೆ ಕಚ್ಕೊಂಡು ತೇಲ್ತದೆ, ಅದನ್ನ ತೆಗ್ದು ಆಚೆಗಾಕೋದು. ಉಕ್ಕು ಬಂದ್ರೆ ಒಂಚೂರು ಹರಳೆಣ್ಣೆ. ಬೆಲ್ಲ ಮಾಡಕ್ಕೆ ಇಷ್ಟೇ ಸಾಕು. ಹೈಡ್ರೋಸ್ ಅಂತ ಹಾಕ್ತಾರಲ್ಲ ಅದು ಸೋಡಿಯಂ ಹೈಡ್ರೋಸಲ್ಫೈಟು, ಬಟ್ಟೆ ಮಿಲ್ಲಲ್ಲಿ ಬಣ್ಣ ತೆಗ್ಯಕ್ಕೆ ಬಳಸೋ ಸಾಮಾನು, ಹಾಕಿದ್ ಗಳಿಗೆಗೇ ಪಾಕ ಬೆಳ್ಳಗಾಯ್ತದೆ. ನಿಮ್ಗೆ ಬಂದ ಬೆಂಕಿಕಡ್ಡಿ ವಾಸ್ನೆ ಅದರ ಗಂಧಕದ್ದೇ ಇರ್ಬೇಕು. ಆ ಬಿಳುಪು ನಿಲ್ಲಕಿಲ್ಲ ಅನ್ನೋದು ಗೊತ್ತಾ, ಗೋಡೌನಲ್ಲಿ ಕೂತು ಕೂತು ತಿರ್ಗಾ ಕಪ್ಪಾಯ್ತದೆ. ಅಂದ್ರೆ ಮಾರೋ ದಿನಕ್ಕೆ ಮಾತ್ರ ಮೇಕಪ್ಪು.

ಒಳಗೆ ಮಿಣಮಿಣ ಅಂತಿತ್ತು ಅಂದ್ರಲ್ಲ, ಸಕ್ಕರೆ ಬೆರ್ಸಿರ್ತಾರೆ. ಸಕ್ಕರೆ ರೇಟು ಇಳ್ದು ಬೆಲ್ಲದ ರೇಟು ಏರಿದಾಗ ಇದು ನಡೀತದೆ, ಕಬ್ಬು ಕಮ್ಮಿ ಅರೆದ್ರೂ ಅಚ್ಚು ಜಾಸ್ತಿ ಬೀಳ್ತದೆ.

ಮಂಡ್ಯ ಎಪಿಎಂಸಿಗೆ ಒಂದ್ಸಲ ಬಂದು ನೋಡಿ. ಅಚ್ಚು, ಕುರಿಕಾಲು ಅಚ್ಚು, ಬಾಕ್ಸು, ಬಕೆಟ್ಟು ಅಂತ ಸಾಲಾಗಿ ಹಾಕಿರ್ತೀವಿ, ವ್ಯಾಪಾರಸ್ಥ ಬತ್ತಾನೆ, ಒಂದನ್ನ ಒಡೀತಾನೆ, ಬೆಳಕಿಗೆ ಹಿಡೀತಾನೆ, ಬಣ್ಣ ನೋಡಿ ರೇಟು ಕೂಗ್ತಾನೆ. ನಾಲ್ಗೆ ಮೇಲೆ ಇಟ್ಟು ರುಚಿ ನೋಡೋನು ಅಪ್ರೂಪ. ಚೌಳು ಭೂಮಿ ಕಬ್ಬಾದ್ರೆ, ಯೂರಿಯಾ ಜಾಸ್ತಿ ಬಿದ್ದಿದ್ರೆ ಬೆಲ್ಲ ಕಪ್ಪಗೇ ಬರೋದು, ಗಟ್ಟಿನೂ ಆಗಕಿಲ್ಲ, ಆ ರೈತ ಏನ್ ಮಾಡ್ಬೇಕು ಹೇಳಿ? ಮಂಡ್ಯದ ಕೃಷಿ ಸಂಶೋಧನಾ ಕೇಂದ್ರ ವಿ.ಸಿ. ಫಾರಂನೋರು ಕೆಮಿಕಲ್ ಇಲ್ದಂಗೆ ಬೆಲ್ಲ ಮಾಡೋದು ಹೇಳ್ಕೊಡ್ತಾರೆ, ಕಲ್ತೋರೂ ಅವ್ರೆ, ಆದ್ರೆ ತಂದು ಹಾಕಿದ್ರೆ ಮಾರ್ಕೆಟ್ಟಲ್ಲಿ ಹಳದೀದಕ್ಕಿಂತ ಕಮ್ಮಿಗೆ ಕೂಗುದ್ರೆ ಮುಂದಿನ್ ಸಲ ಯಾರ್ ಮಾಡ್ತಾರೆ? ಹೈಡ್ರೋಸ್ ಹಾಕೋನ ಮೇಲೆ ಕೇಸ್ ಹಾಕ್ಸಿ, ನಾನ್ ಬ್ಯಾಡ ಅನ್ನಲ್ಲ, ಜೊತೆಗೆ ಕಂದು ಬೆಲ್ಲಕ್ಕೆ ಎರಡು ಕಾಸು ಜಾಸ್ತಿ ಕೊಡೋ ಗಿರಾಕಿಗಳೂ ಬೇಕು.

ಬಳಕೆದಾರ_ಮಂಡ್ಯ:

ಟೆಸ್ಟ್ ಬಗ್ಗೆ ಕೇಳಿದ್ರಿ, ಅದಕ್ಕೆ ಉತ್ತರ ಯಾರೂ ಕೊಡ್ಲಿಲ್ಲ. ಆಹಾರ ಸುರಕ್ಷತೆ ಕಾಯ್ದೆ 2006, ಸೆಕ್ಷನ್ 40 ಓದ್ಕೊಳ್ಳಿ. ಅಧಿಕಾರಿನೇ ಸ್ಯಾಂಪಲ್ ತೆಗೀಬೇಕು ಅಂತಿಲ್ಲ, ಕೊಂಡ ಗಿರಾಕಿನೂ ಫೀಸ್ ಕಟ್ಟಿ ಫುಡ್ ಅನಲಿಸ್ಟ್ ಹತ್ರ ಪರೀಕ್ಷೆ ಮಾಡಿಸಬಹುದು. ಒಂದೇ ಕಂಡೀಷನ್ ಏನಂದ್ರೆ ಕೊಳ್ಳೋವಾಗಲೇ ಅಂಗಡಿಯವನಿಗೆ "ಇದನ್ನ ಟೆಸ್ಟಿಗೆ ಕೊಡ್ತೀನಿ" ಅಂತ ಹೇಳಬೇಕು. ಮನೆಗೆ ತಂದು ಅರ್ಧ ತಿಂದು ಆಮೇಲೆ ಅನುಮಾನ ಬಂತು ಅಂದ್ರೆ ನಡೆಯಲ್ಲ. ರಿಪೋರ್ಟ್ ಫೇಲ್ ಅಂತ ಬಂದ್ರೆ ಕಟ್ಟಿದ ಫೀಸ್ ವಾಪಸ್. ಮೈಸೂರಲ್ಲಿ ಸರ್ಕಾರದ ವಿಭಾಗೀಯ ಆಹಾರ ಪ್ರಯೋಗಾಲಯನೇ ಇದೆ, ಹೋಗಿ ವಿಚಾರಿಸಿ. ಸಿಎಫ್‌ಟಿಆರ್‌ಐನಂಥ ಕೇಂದ್ರ ಸರ್ಕಾರದ ಆಹಾರ ಸಂಶೋಧನಾ ಸಂಸ್ಥೆ ಇರೋ ಊರಲ್ಲಿ ಕೂತ್ಕೊಂಡು ಟೆಸ್ಟ್ ಎಲ್ಲಿ ಅಂತ ಕೇಳೋ ಹಾಗಾಯ್ತಲ್ಲ ಅನ್ಸತ್ತೆ, ಆದ್ರೆ ಕೇಸ್ ನಿಲ್ಲಬೇಕು ಅಂದ್ರೆ ಈ ದಾರೀಲೇ ಹೋಗಬೇಕು.

ಇನ್ನೂ ಸುಲಭದ್ದು ಹೇಳ್ತೀನಿ. ಲ್ಯಾಬೇ ಬೇಡ. ಆ ಜೀರಿಗೆ ಮಿಠಾಯಿ ಪ್ಯಾಕೆಟ್ ತಿರುಗಿಸಿ ನೋಡಿ, ಎಫ್‌ಎಸ್‌ಎಸ್‌ಎಐ, ಅಂದ್ರೆ ಆಹಾರ ಸುರಕ್ಷತಾ ಪ್ರಾಧಿಕಾರದ 14 ಅಂಕಿ ಲೈಸೆನ್ಸ್ ನಂಬರ್ ಇದೆಯಾ, ತಯಾರಿಸಿದವರ ವಿಳಾಸ, ತಾರೀಕು ಇದೆಯಾ, ಸಿಂಥೆಟಿಕ್ ಬಣ್ಣ ಹಾಕಿದೆ ಅಂತ ಬರೆದಿದಾರಾ. ಹಬ್ಬದ ಟೈಮಲ್ಲಿ ಬರೋ ಪ್ಲಾಸ್ಟಿಕ್ ಕವರುಗಳಲ್ಲಿ ಎಷ್ಟೋ ಸಲ ಒಂದು ಸ್ಟಾಪಲ್ ಪಿನ್ ಬಿಟ್ರೆ ಇನ್ನೇನೂ ಇರಲ್ಲ. ಅಷ್ಟೇ ಸಾಕು ಕಂಪ್ಲೇಂಟಿಗೆ. ಫೋಟೋ ತೆಗೆದು ಫುಡ್ ಸೇಫ್ಟಿ ಕನೆಕ್ಟ್ ಆಪಲ್ಲಿ ಹಾಕಿ, ಜೊತೆಗೆ ಜಿಲ್ಲೆಯ ಆಹಾರ ಸುರಕ್ಷತೆ ನೋಡ್ಕೊಳ್ಳೋ ಅಂಕಿತಾಧಿಕಾರಿಗೆ ಕಾಗದದಲ್ಲೂ ಕೊಟ್ಟು ಸೀಲ್ ಹಾಕಿಸ್ಕೊಳ್ಳಿ. ಬಿಲ್ ಇಲ್ದೆ ಏನೂ ಕೊಳ್ಳಬೇಡಿ, ಚೀಟೀಲಿ ಬರ್ಕೊಟ್ಟ ಲೆಕ್ಕ ಬಿಲ್ ಅಲ್ಲ.

ಅಧಿಕಾರಿ ಬಂದ್ರೆ ಸ್ಯಾಂಪಲ್ ನಾಲ್ಕು ಭಾಗ ಮಾಡಿ ಸೀಲ್ ಮಾಡ್ತಾರೆ, ಅನಲಿಸ್ಟ್ 14 ದಿನದಲ್ಲಿ ರಿಪೋರ್ಟ್ ಕೊಡ್ಬೇಕು. ಹಂಗಾಗಿ ಸಂಕ್ರಾಂತಿ ವಾರ ಕಂಪ್ಲೇಂಟ್ ಕೊಟ್ರೆ ರಿಪೋರ್ಟ್ ಬರೋ ಹೊತ್ತಿಗೆ ಎಳ್ಳು ಬೀರಿ, ತಿಂದು, ರಥಸಪ್ತಮಿನೂ ಬಂದಿರತ್ತೆ. ಈಗಲೇ ಶುರು ಮಾಡಿ.

ಏನಾಗತ್ತೆ ಅಂತ ಕೇಳಿದ್ರಲ್ಲ. 2016ರ ಮೇ ತಿಂಗಳಲ್ಲಿ ದಿಲ್ಲಿಯ ಪರಿಸರ ಸಂಶೋಧನಾ ಸಂಸ್ಥೆ ಸಿಎಸ್‌ಇಯವರು 38 ಬ್ರೆಡ್, ಬನ್ ಸ್ಯಾಂಪಲ್ ಟೆಸ್ಟ್ ಮಾಡಿ 84 ಪರ್ಸೆಂಟಲ್ಲಿ ಪೊಟ್ಯಾಸಿಯಂ ಬ್ರೋಮೇಟ್ ಅಥವಾ ಅಯೋಡೇಟ್ ಇದೆ ಅಂತ ಪ್ರಕಟಿಸಿದ್ರು, ಜೂನ್‌ನಲ್ಲಿ ಬ್ರೋಮೇಟ್ ನಿಷೇಧ ಆಗೇ ಹೋಯ್ತು. ಹೈದರಾಬಾದಿನ ಮಕ್ಕಳ ಡಾಕ್ಟರ್ ಶಿವರಂಜನಿ ಸಂತೋಷ್ ಅವರು ಸಕ್ಕರೆ ಪಾನಕಕ್ಕೆ, ಭೇದಿ ಆದಾಗ ಕುಡಿಸೋ ಓಆರ್‌ಎಸ್ ಅಂತ ಹೆಸರಿಟ್ಟು ಮಾರ್ತಾರೆ ಅಂತ ವರ್ಷಗಟ್ಟಲೆ ಒಬ್ಬರೇ ಬಡಿದಾಡಿದ್ರು, 2025ರ ಅಕ್ಟೋಬರಲ್ಲಿ ಎಫ್‌ಎಸ್‌ಎಸ್‌ಎಐ ಆ ಹೆಸರು ಹಾಕೋ ಹಾಗಿಲ್ಲ ಅಂತ ಆದೇಶ ಮಾಡ್ತು. ಇಬ್ಬರ ಹತ್ರನೂ "ಕೆಮಿಕಲ್" ಅನ್ನೋ ಕೂಗಿರಲಿಲ್ಲ, ಇಂಥದ್ದರಲ್ಲಿ ಇಂಥದ್ದಿದೆ ಅನ್ನೋ ಕಾಗದ ಇತ್ತು.

ಸುಮ್ನೆ_ಕೇಳ್ದೆ:

ಕ್ಷಮಿಸಿ, ನಾನೊಂದು ಉಲ್ಟಾ ಮಾತಾಡ್ತೀನಿ. ಸಕ್ಕರೆ ಅಚ್ಚಿನಲ್ಲಿ ಬಣ್ಣ ಎಷ್ಟಿರತ್ತೆ, ಸಕ್ಕರೆ ಎಷ್ಟಿರತ್ತೆ? ಬಣ್ಣ ತೆಗೆದು ಬಿಳೀ ಅಚ್ಚು ಹಂಚಿ ಆರೋಗ್ಯ ಕಾಪಾಡಿದ್ವಿ ಅಂದ್ಕೊಂಡ್ರೆ ಅದು ನಮಗೆ ನಾವೇ ಟೋಪಿ ಹಾಕ್ಕೊಳ್ಳೋದು. ಇನ್ನೊಂದು, ಫಾರಿನ್‌ನಲ್ಲಿ ಎಲ್ಲಾ ಶುದ್ಧ ನಮ್ಮಲ್ಲಿ ಎಲ್ಲಾ ವಿಷ ಅನ್ನೋದೂ ಬಿಡಿ, ಕೂಲ್ ಡ್ರಿಂಕ್ಸಿಗೆ ಹಾಕ್ತಿದ್ದ ಬ್ರೋಮಿನ್ ಎಣ್ಣೆನ ನಾವು 1990ರಲ್ಲೇ ಬ್ಯಾನ್ ಮಾಡಿದ್ವಿ, ಅಮೆರಿಕದವರು ಮಾಡಿದ್ದು 2024ರಲ್ಲಿ. ನಿಯಮ ನಮ್ಮಲ್ಲಿ ಕೆಟ್ಟದಾಗಿಲ್ಲ, ನೋಡೋರಿಲ್ಲ ಅಷ್ಟೆ.

ಹಳೇ_ಲ್ಯಾಬ್_ಮೇಷ್ಟ್ರು:

@ಸುಮ್ನೆ_ಕೇಳ್ದೆ ಸಕ್ಕರೆ ವಿಷಯ ಒಪ್ಪಿದೆ. ಆದ್ರೆ ಸಕ್ಕರೆ ತಿಂತಿದೀನಿ ಅಂತ ಗೊತ್ತಿದ್ದು ತಿಂತೀವಿ, ರೋಡಮಿನ್ ಹಂಗಲ್ಲ. 2024ರ ಮಾರ್ಚಲ್ಲಿ ನಮ್ಮ ಸರ್ಕಾರ ಗೋಬಿ ಮಂಚೂರಿ, ಬೊಂಬಾಯಿ ಮಿಠಾಯಿಗೆ ಬಣ್ಣ ಹಾಕಬಾರದು ಅಂತ ಆದೇಶ ಮಾಡಿತಲ್ಲ, ಆಗ ತೆಗೆದ 171 ಗೋಬಿ ಸ್ಯಾಂಪಲಲ್ಲಿ 107, ಬೊಂಬಾಯಿ ಮಿಠಾಯಿ 25ರಲ್ಲಿ 15 ಫೇಲು. ಜೂನಲ್ಲಿ ಕಬಾಬಿಗೂ ಬಂತು ಅದೇ ಆದೇಶ. ಇದನ್ನ "ಸ್ವಲ್ಪ ತಾನೇ" ಅನ್ನೋಕಾಗಲ್ಲ. ಬೆಲ್ಲದ ಗಂಧಕನೂ ಅಷ್ಟೆ, ಆಸ್ತಮಾ ಇರೋರಲ್ಲಿ ಕೆಲವರಿಗೆ ಅದು ಎದೆ ಬಿಗಿಯತ್ತೆ, ಹಬ್ಬದಲ್ಲಿ ಯಾರ ಮನೆ ಎಳ್ಳು ಯಾರ ಬಾಯಿಗೆ ಹೋಗತ್ತೋ ಹೇಳೋಕಾಗಲ್ಲ.

ಬೋಗಾದಿ_ಸೆಕೆಂಡ್_ಸ್ಟೇಜ್:

ಎಲ್ರಿಗೂ ಥ್ಯಾಂಕ್ಸ್. ಇವತ್ತು ಸಂಜೆ ಗುಂಪಲ್ಲಿ ಕೂತು ಮಾತಾಡಿದ್ವಿ. ಜೀರಿಗೆ ಮಿಠಾಯಿ ಎರಡು ಅಂಗಡೀಲಿ ಬಿಲ್ ಸಮೇತ ಕೊಂಡು ಟೆಸ್ಟಿಗೆ ಅಂತ ಹೇಳಿಯೇ ತರೋದು, ಲೇಬಲ್ ಇಲ್ದಿರೋ ಕವರ್ ಫೋಟೋ ತೆಗೆದು ಅಂಕಿತಾಧಿಕಾರಿಗೆ ಕಾಗದ ಕೊಡೋದು ಅಂತಾಯ್ತು, ಮೈಸೂರು ಗ್ರಾಹಕರ ಪರಿಷತ್ತಿನವರನ್ನೂ ಒಂದ್ಸಲ ಕೇಳ್ತೀವಿ. ಹಿರಿಯರನ್ನ ಒಪ್ಪಿಸೋಕೆ ಸಕ್ಕರೆ ಅಚ್ಚನ್ನ ಮನೇಲೇ ಹುಯ್ಯೋದು, ಸ್ವಲ್ಪಕ್ಕೆ ಕೇಸರಿ ನೀರು, ಸ್ವಲ್ಪಕ್ಕೆ ಬೀಟ್‌ರೂಟ್ ರಸ. ಅವರ ಮನೇಲಿ ಹಳೇ ಮರದ ಅಚ್ಚುಗಳಿವೆ ಅಂತೆ, ಆನೆ, ಕೋಳಿ, ತುಳಸಿಕಟ್ಟೆ, ಅದನ್ನ ತೆಗೀತೀನಿ ಅಂತ ಈಗ ಅವರೇ ಮುಂದೆ ನಿಂತಿದಾರೆ.

@ಆಲೆಮನೆ_ಪಾಂಡವಪುರ ಅಣ್ಣ, ಕಂದು ಬೆಲ್ಲ ನಮ್ಮ ಲೇಔಟ್‌ಗೆ ಒಟ್ಟಿಗೆ ಬೇಕು. ರೇಟ್ ನೀವು ಹೇಳಿ, ಚೌಕಾಸಿ ಮಾಡಲ್ಲ. ಒಂದು ಮಾತ್ರ, ಬೆಲ್ಲ ಕಾಯಿಸೋ ದಿನ ನಾವು ಬಂದು ನಿಂತು ನೋಡಬಹುದಾ?

ಆಲೆಮನೆ_ಪಾಂಡವಪುರ:

ಬನ್ನಿ ಅಕ್ಕಾ, ಅದಕ್ಕೇನಂತೆ. ಬೆಳಗ್ಗೆ ಬೇಗ ಬನ್ನಿ, ಮೊದಲ್ನೇ ಕೊಪ್ಪರಿಗೆ ಆರೂವರೆಗೆ ಇಳೀತದೆ. ಬಕೆಟ್ ಬೆಲ್ಲ ಬ್ಯಾಡ, ಎಳ್ಳಿಗೆ ಕತ್ತರ್ಸಕ್ಕೆ ಕಷ್ಟ, ಅಚ್ಚು ತಗೊಳ್ಳಿ. ಮಕ್ಕಳನ್ನ ಕರ್ಕಂಡ್ ಬಂದ್ರೆ ಒಲೆ ಹತ್ರ ಮಾತ್ರ ಬುಡಬ್ಯಾಡಿ.