ಟೈಟಾನಿಯಂ ಮೇಲೆ ಗ್ರಾಫೀನ್: 2ಡಿ ಪೀಕ್ ಬರ್ತಾನೇ ಇಲ್ಲ

ಪ್ರಶ್ನೆ: ಗ್ರಾಫೀನ್ (ಒಂದೇ ಪರಮಾಣು ದಪ್ಪದ ಇಂಗಾಲದ ಹಾಳೆ) ಬೆಳೆಸಲು ಟಿಐ-6ಎಎಲ್-4ವಿ (ಟೈಟಾನಿಯಂ ಮಿಶ್ರಲೋಹ) ಬಿಲ್ಲೆಯನ್ನು 1000 ಡಿಗ್ರಿ ಕುಲುಮೆಗೆ ಇಟ್ಟು, ಮೀಥೇನ್ ಮತ್ತು ಹೈಡ್ರೋಜನ್ 20 ನಿಮಿಷ ಹರಿಸಿದೆ. ಹೊರಬಂದಿದ್ದು ಹೊಳಪಿಲ್ಲದ ಬೂದು ಬಿಲ್ಲೆ. ರಾಮನ್‌ನಲ್ಲಿ (ಲೇಸರ್ ಬೆಳಕು ಚದುರುವ ರೀತಿಯಿಂದ ವಸ್ತು ಗುರುತಿಸುವ ಪರೀಕ್ಷೆ) 1350, 1580ರ ಹತ್ತಿರ ಅಗಲವಾದ ಎರಡು ಗುಡ್ಡ. ಗ್ರಾಫೀನ್‌ನ ಗುರುತಾದ 2ಡಿ ಪೀಕ್ ಬರಬೇಕಾದ 2700ರ ಹತ್ತಿರ ಏನೂ ಇಲ್ಲ. ಇದೇ ಕುಲುಮೆಯಲ್ಲಿ ತಾಮ್ರದ ಹಾಳೆ ಮೇಲೆ ಚೆನ್ನಾಗಿ ಬರುತ್ತೆ. ಎಲ್ಲಿ ಎಡವಿದೆ?

ಉತ್ತರ 1: ಟೈಟಾನಿಯಂ ತಾಮ್ರ ಅಲ್ಲ ಅಲ್ವಾ! ತಾಮ್ರದೊಳಗೆ ಇಂಗಾಲ ಹೆಚ್ಚುಕಡಿಮೆ ಕರಗುವುದೇ ಇಲ್ಲ, ಹಾಗಾಗಿ ಮೇಲೇ ಹರಡಿ ಕೂರುತ್ತದೆ. ಟೈಟಾನಿಯಂ ಅದನ್ನು ನುಂಗಿ ಕಾರ್ಬೈಡ್ (ಲೋಹ ಮತ್ತು ಇಂಗಾಲದ ಸಂಯುಕ್ತ) ಆಗುತ್ತದೆ. ಎಕ್ಸ್‌ಆರ್‌ಡಿ (ಎಕ್ಸ್-ರೇ ಹಾಯಿಸಿ ಹರಳಿನ ರಚನೆ ನೋಡುವ ಪರೀಕ್ಷೆ) ಮಾಡಿಸಿ. ಎಕ್ಸ್-ರೇ ಟ್ಯೂಬ್ ತಾಮ್ರದ್ದಾದರೆ ಕಾರ್ಬೈಡ್‌ನ ಪೀಕ್‌ಗಾಗಿ 41.7 ಡಿಗ್ರಿ ಹತ್ತಿರ ನೋಡಿ. ಅದರದೇ 36ರ ಪೀಕ್ ಟೈಟಾನಿಯಂನದೇ 35ರ ಪೀಕ್ ಜೊತೆ ಬೆರೆತು ಮೋಸ ಮಾಡುತ್ತೆ. ಇನ್ನೊಂದು, ಈ ಲೋಹ ಹೈಡ್ರೋಜನ್ ಹೀರಿ ಪೆಡಸಾಗುತ್ತದೆ. ನನ್ನ ಒಂದು ತೆಳು ಪಟ್ಟಿ ಬಗ್ಗಿಸಿದ ಕೂಡಲೇ ಹಪ್ಪಳದಂತೆ ಮುರಿಯಿತು.

ಉತ್ತರ 2: ಸುಮ್ನೆ ತಾಮ್ರದ ಮೇಲೆ ಬೆಳೆಸಿ ವರ್ಗಾಯಿಸಿ. ಮೇಲೆ ಪಿಎಂಎಂಎ (ಆಧಾರಕ್ಕಿರುವ ಒಂದು ಪ್ಲಾಸ್ಟಿಕ್) ಹಚ್ಚಿ, ಅಮೋನಿಯಂ ಪರ್ಸಲ್ಫೇಟ್‌ನಲ್ಲಿ ತಾಮ್ರ ಕರಗಿಸಿ. ತೇಲುವ ಪದರವನ್ನು ನೀರಲ್ಲಿ ತೊಳೆದು, ಪಾಲಿಶ್ ಮಾಡಿದ ಬಿಲ್ಲೆಯಿಂದ ಓರೆಯಾಗಿ ಎತ್ತಿ. ಪೂರ್ತಿ ಒಣಗಿದ ಮೇಲೇ ಅಸಿಟೋನ್‌ನಲ್ಲಿ ಪಿಎಂಎಂಎ ತೆಗೆಯಿರಿ. ಅವಸರ ಮಾಡಿದರೆ ಅಡಿಯ ನೀರು ಗುಳ್ಳೆ ಎಬ್ಬಿಸುತ್ತದೆ. ಅಂಟು ಮಾತ್ರ ದುರ್ಬಲ. ಸವೆತದ ಪರೀಕ್ಷೆಗೆ ಇದನ್ನು ನಂಬಬೇಡಿ.

ಪ್ರಶ್ನೆ ಕೇಳಿದವರು: 41.7ರಲ್ಲಿ ಪೀಕ್ ಸಿಕ್ಕಿತು. ಕಾರ್ಬೈಡೇ! ಮೂರು ವಾರ ಅದನ್ನೇ ಕೆಟ್ಟ ಗ್ರಾಫೀನ್ ಅಂದುಕೊಂಡಿದ್ದೆ. ನಾಳೆ ಪಿಎಂಎಂಎ ಹಚ್ಚುತ್ತೇನೆ.