ಬೋಲ್ಟಿನ 'ಥ್ರೆಡ್ ಹೋಯ್ತು' ಅನ್ನುವುದಕ್ಕೆ ಕನ್ನಡದಲ್ಲಿ ಏನು ಹೇಳುತ್ತೀರಿ?

ಗೆಳೆಯರೇ,

ಎರಡು ಪದ ಹುಡುಕುತ್ತಿದ್ದೇನೆ. ಸ್ಕ್ರೂ, ಬೋಲ್ಟುಗಳ ಮೈ ಸುತ್ತ ಹತ್ತಿಕೊಂಡು ಹೋಗುವ ಏಣು ಇದೆಯಲ್ಲ, ಅದಕ್ಕೆ ನಿಮ್ಮ ಕಡೆ ಏನು ಹೇಳುತ್ತಾರೆ? ಆ ಏಣು ಹಾಳಾಗಿ, ಎಷ್ಟು ತಿರುಗಿಸಿದರೂ ಬೋಲ್ಟು ಬಿಗಿಯದೆ ಸುಮ್ನೆ ಸುತ್ತುತ್ತಿದ್ದರೆ, ಅದಕ್ಕೆ ಏನು ಹೇಳುತ್ತಾರೆ?

ಇದು ಶುರುವಾದದ್ದು ನನ್ನ ಪೆಡಲ್ ಸ್ಟೀಲ್ ಗಿಟಾರ್‌ನಿಂದ. ನಾನು ಇರುವುದು ಟೆಕ್ಸಸ್‌ನಲ್ಲಿ. ಇಲ್ಲಿನ ಕಂಟ್ರಿ ಸಂಗೀತದಲ್ಲಿ ಉದ್ದಕ್ಕೆ ಎಳೆದು ಅಳುವಂಥ ಒಂದು ದನಿ ಕೇಳಿರುತ್ತೀರಿ, ಅದು ಈ ವಾದ್ಯದ್ದು. ಇದನ್ನು ಎದೆಗೆ ಆನಿಸಿಕೊಳ್ಳುವುದಿಲ್ಲ. ನಾಲ್ಕು ಕಾಲಿನ ಮೇಜಿನ ಹಾಗೆ ಮುಂದೆ ನಿಂತಿರುತ್ತದೆ. ಸಾಮಾನ್ಯವಾಗಿ ಒಂದು ಸಾಲಿಗೆ 10 ತಂತಿ. ಎಡಗೈಯಲ್ಲಿ ಉಕ್ಕಿನ ಗುಂಡನೆಯ ತುಂಡು ಹಿಡಿದು ತಂತಿಗಳ ಮೇಲೆ ಜಾರಿಸುತ್ತೇವೆ. ಪಾದದಿಂದ ಪೆಡಲ್ ಒತ್ತಿದರೆ, ಮೊಣಕಾಲಿನಿಂದ ಸನ್ನೆಕೋಲನ್ನು ತಳ್ಳಿದರೆ, ಅಡಿಯಲ್ಲಿರುವ ಸರಳುಗಳು ಎಳೆದು ತಂತಿಯ ಸ್ವರ ಏರುತ್ತದೆ ಅಥವಾ ಇಳಿಯುತ್ತದೆ. ಕಂಟ್ರಿ ಹಾಡುಗಾರ ವೆಬ್ ಪಿಯರ್ಸ್ ಅವರ, 1954ರಲ್ಲಿ ಹೆಸರು ಮಾಡಿದ ಹಾಡೊಂದರಲ್ಲಿ ಈ ವಾದ್ಯ ನುಡಿಸಿದ ಬಡ್ ಐಸಾಕ್ಸ್ ಹೀಗೆ ತಂತಿ ಮಿಡಿದ ಮೇಲೆ ಪೆಡಲ್ ಒತ್ತಿ ಸ್ವರವನ್ನು ಬಾಗಿಸಿದರು. ಆಮೇಲೆ ಎಲ್ಲರಿಗೂ ಆ ದನಿಯೇ ಬೇಕಾಯಿತು. ಅಂದರೆ ಈ ವಾದ್ಯದಲ್ಲಿ ಸ್ಕ್ರೂ, ಬೋಲ್ಟು ಜಾಸ್ತಿ, ಅವುಗಳ ಮೇಲೆ ಕಾಲಿನ ಬಲವೂ ಜಾಸ್ತಿ.

ನನ್ನದು ಹಳೆಯ ಗಿಟಾರ್. ಪೆಡಲ್‌ಗಳನ್ನು ಹೊತ್ತ ಅಲ್ಯೂಮಿನಿಯಂ ಪಟ್ಟಿಯಲ್ಲಿ ಒಂದು ತೂತು ಹಾಳಾಗಿತ್ತು. ಅದು ಕಾಲು ಇಂಚಿನ ಬೋಲ್ಟಿಗೆ ಮಾಡಿದ ತೂತು, ಇಂಚಿಗೆ 20 ಸುತ್ತು. ಹಿಂದೆ ಯಾರೋ ಅದಕ್ಕೆ 6 ಮಿಲಿಮೀಟರಿನ ಬೋಲ್ಟನ್ನು ಒತ್ತಾಯದಿಂದ ಹಾಕಿದ್ದರು. ಕಣ್ಣಿಗೆ ಎರಡೂ ಒಂದೇ ಥರ ಕಾಣುತ್ತವೆ. ಆದರೆ ಒಂದು 6.35 ಮಿಲಿಮೀಟರ್ ದಪ್ಪ, ಇನ್ನೊಂದು 6. ಒಂದರಲ್ಲಿ ಒಂದು ಸುತ್ತಿನಿಂದ ಮುಂದಿನ ಸುತ್ತಿಗೆ 1.27 ಮಿಲಿಮೀಟರ್ ದೂರ, ಇನ್ನೊಂದರಲ್ಲಿ 1. ಬೋಲ್ಟು ಉಕ್ಕಿನದು, ಪಟ್ಟಿ ಅಲ್ಯೂಮಿನಿಯಂ. ಸೋಲುವುದು ಯಾವಾಗಲೂ ಮೆತ್ತಗಿರುವುದೇ ಅಲ್ವಾ? ಬೋಲ್ಟು ಹೊರಗೆ ತೆಗೆದಾಗ ಅದರ ಜೊತೆ ಅಲ್ಯೂಮಿನಿಯಂ ಸುರುಳಿ ಸುರುಳಿಯಾಗಿ ಕಿತ್ತುಕೊಂಡು ಬಂತು.

ಬೆಳಗಾವಿಯಲ್ಲಿರುವ ಅಪ್ಪನಿಗೆ ಫೋನು ಮಾಡಿದೆ. ಅವರು ವರ್ಷಗಟ್ಟಲೆ ಲೇತ್ ನಡೆಸಿದವರು. ನಾನು 'ಥ್ರೆಡ್' ಅಂದರೆ ಅವರು 'ಆಟೆ ಹೋಗ್ಯಾವೇನ ತಮ್ಮಾ?' ಅಂದರು. ಆಟೆ ಮರಾಠಿಯ ಮಾತು. ಹಿಂದಿಯವರು ಚೂಡಿ ಅನ್ನುತ್ತಾರೆ, ಬಳೆ ಅಂದ ಹಾಗೆ. ತಮಿಳಿನಲ್ಲಿ ಮರೈ. ಮಲಯಾಳದಲ್ಲಿ ಪಿರಿ. ನಮ್ಮದು ಯಾವುದು? ಇಡೀ ಸ್ಕ್ರೂವಿಗೆ ತಿರುಪು ಅನ್ನುವ ಒಳ್ಳೆಯ ಪದ ಇದೆ. ಅದರ ಮೇಲಿನ ಏಣು ಇದೆಯಲ್ಲ, ಅದಕ್ಕೆ? ಅನುವಾದಗಳಲ್ಲಿ 'ದಾರ' ಅಂತ ಬರೆದದ್ದು ನೋಡಿದರೆ ನನಗೆ ಸಂಕಟವಾಗುತ್ತದೆ. ದಾರ ಹೊಲಿಯುವುದಕ್ಕೆ. ಅದನ್ನು ಓದಿದ ಮೆಕ್ಯಾನಿಕ್‌ಗೆ ಏನೂ ತಿಳಿಯುವುದಿಲ್ಲ.

ಮಲಯಾಳದ ಪಿರಿ ನನ್ನ ತಲೆಯಲ್ಲಿ ಕೂತುಬಿಟ್ಟಿತು. ತಮಿಳಿನಲ್ಲಿ ಪುರಿ ಅಂದರೆ ಹಗ್ಗದ ಎಳೆ, ತಿರುಚು. ಇವೆರಡರ ಒಡಹುಟ್ಟು ನಮ್ಮಲ್ಲೂ ಇದೆ: ಹುರಿ. ಹಳಗನ್ನಡದ ಪುಲಿ ಹುಲಿಯಾದ ಹಾಗೆ, ಪಾಲ್ ಹಾಲಾದ ಹಾಗೆ, ಪುರಿ ಹುರಿಯಾಗಿದೆ. ಹುರಿಹಗ್ಗ ಅನ್ನುತ್ತೇವೆ. ಮೀಸೆ ಹುರಿ ಮಾಡುತ್ತೇವೆ. ಹುರಿಗಟ್ಟಿದ ಮೈ ಅನ್ನುತ್ತೇವೆ. ತಿರುಚಿ ಬಿಗಿಯಾಗುವುದು ಅನ್ನುವ ಅರ್ಥ ಎಲ್ಲದರಲ್ಲೂ ಇದೆ. ಬೋಲ್ಟು ಮಾಡುವ ಕೆಲಸವೂ ಅದೇ. ಕಾಳು ಹುರಿಯುವುದರ ಜೊತೆ ಗೊಂದಲ ಆಗುತ್ತದೆ ಅಂತ ಕೆಲವರು ಹೇಳಬಹುದು. 'ಬೋಲ್ಟಿನ ಹುರಿ' ಅಂದಾಗ ಯಾರಿಗೂ ಬಾಣಲೆ ನೆನಪಾಗುವುದಿಲ್ಲ ಅಂತ ನನ್ನ ನಂಬಿಕೆ.

ಇನ್ನು ಎರಡನೆಯ ಪದ. ಇದು ಕಷ್ಟದ್ದು. 'ಸವೆದಿದೆ' ಅಂತ ಸಲೀಸಾಗಿ ಬರೆಯಬಹುದು. ಆದರೆ ಸವೆಯುವುದು ನಿಧಾನದ ಕೆಲಸ. ಈ ಗಿಟಾರ್‌ನ ಕಾಲುಗಳನ್ನು ಪ್ರತಿ ಕಛೇರಿಗೂ ತಿರುಗಿಸಿ ಹಾಕಿ, ಮುಗಿದ ಮೇಲೆ ತಿರುಗಿಸಿ ಬಿಚ್ಚುತ್ತೇವೆ. ಅಲ್ಲಿ ಹುರಿ ವರ್ಷಗಳಲ್ಲಿ ಸವೆಯುತ್ತದೆ. ನನ್ನ ಪಟ್ಟಿಯಲ್ಲಿ ಆದದ್ದು ಅದಲ್ಲ, ಅಲ್ಲಿ ಹುರಿ ಒಂದೇ ಏಟಿಗೆ ಕಿತ್ತಿತು. ಇನ್ನೊಂದು ತೊಡಕಿದೆ. ಸ್ಕ್ರೂಡ್ರೈವರ್ ಜಾರಿ ಜಾರಿ ಸ್ಕ್ರೂವಿನ ತಲೆಯ ಗೀರು ಹಾಳಾಗುವುದಕ್ಕೂ, ತೂತಿನ ಒಳಗಿನ ಹುರಿ ಹಾಳಾಗುವುದಕ್ಕೂ ಇಂಗ್ಲಿಷಿನಲ್ಲಿ ಒಂದೇ ಮಾತು, 'ಸ್ಟ್ರಿಪ್ಡ್'. ಕನ್ನಡದಲ್ಲಿ ಇವನ್ನು ಬೇರೆಯಾಗಿ ಹೇಳಬೇಕು. ಮೊದಲನೆಯದರಲ್ಲಿ ಸ್ಕ್ರೂ ಹೊರಗೇ ಬರುವುದಿಲ್ಲ, ಎರಡನೆಯದರಲ್ಲಿ ಒಳಗೆ ನಿಲ್ಲುವುದಿಲ್ಲ. 'ತಲೆ ಸವೆದಿದೆ', 'ಹುರಿ ಕಿತ್ತಿದೆ' ಅಂದರೆ ಕೇಳಿದವರಿಗೆ ಯಾವ ರಿಪೇರಿ ಅಂತ ಕೂಡಲೇ ತಿಳಿಯುತ್ತದೆ. ಓರೆಯಾಗಿ ಹೊಕ್ಕ ಬೋಲ್ಟಿಗೆ ಅಪ್ಪ 'ಓರೆ ಹತ್ತೇತಿ' ಅನ್ನುತ್ತಾರೆ. ಅದನ್ನು ಹಾಗೇ ಇಟ್ಟುಕೊಳ್ಳೋಣ ಅನ್ನಿಸುತ್ತದೆ.

ರಿಪೇರಿ ಹೇಗೆ ಮಾಡಿದೆ ಅಂತಲೂ ಹೇಳಬೇಕು, ಯಾಕೆಂದರೆ ಪದ ಗಟ್ಟಿಯಾದದ್ದು ಅಲ್ಲೇ. ತೂತನ್ನು 17/64 ಇಂಚಿಗೆ, ಅಂದರೆ ಸುಮಾರು 6.75 ಮಿಲಿಮೀಟರಿಗೆ ಕೊರೆದು ದೊಡ್ಡದು ಮಾಡಿದೆ. ಅದರಲ್ಲಿ ಇದಕ್ಕೆಂದೇ ಇರುವ ಟ್ಯಾಪ್, ಅಂದರೆ ತೂತಿನ ಒಳಗೆ ಹುರಿ ಕೊರೆಯುವ ಉಪಕರಣ, ಹಾಕಿ ಹೊಸ ಹುರಿ ಹೊಡೆದೆ. ಮುಂದಕ್ಕೆ ಅರ್ಧ ಸುತ್ತು, ಹಿಂದಕ್ಕೆ ಕಾಲು ಸುತ್ತು, ನಡುನಡುವೆ ಒಂದೆರಡು ಹನಿ ಎಣ್ಣೆ. ಆಮೇಲೆ ಹೆಲಿಕಾಯಿಲ್ ಕೂರಿಸಿದೆ. ಅದು ಸ್ಟೇನ್‌ಲೆಸ್ ಸ್ಟೀಲ್ ತಂತಿಯ ಪುಟ್ಟ ಸುರುಳಿ. ತಂತಿಯನ್ನು ಅಡ್ಡಕ್ಕೆ ಕತ್ತರಿಸಿದರೆ ವಜ್ರದ ಆಕಾರ ಕಾಣುತ್ತದೆ. ಹೊರಗಿನ ಏಣು ಹೊಸ ಹುರಿಯಲ್ಲಿ ಕೂರುತ್ತದೆ, ಒಳಗಿನ ಏಣು ಹಳೆಯ ಅಳತೆಯ ಬೋಲ್ಟನ್ನೇ ಹಿಡಿಯುತ್ತದೆ. ಸುರುಳಿ ತೂತಿಗಿಂತ ಚೂರು ದೊಡ್ಡದು, ಹಾಗಾಗಿ ಸ್ಪ್ರಿಂಗಿನ ಹಾಗೆ ಹೊರಕ್ಕೆ ಒತ್ತಿ ನಿಲ್ಲುತ್ತದೆ. ತೂತಿನ ಬಾಯಿಗಿಂತ ಅರ್ಧ ಸುತ್ತಿನಷ್ಟು ಕೆಳಗೆ ಇಳಿಸಿ, ತುದಿಯ ಕೊಂಡಿಯನ್ನು ಮುರಿದು ತೆಗೆದರೆ ಮುಗಿಯಿತು. ಈಗ ಮೆತ್ತನೆಯ ಅಲ್ಯೂಮಿನಿಯಂ ಬದಲು ಉಕ್ಕಿಗೆ ಉಕ್ಕು. ಪೆಡಲ್ ಪಟ್ಟಿ ಅಲುಗುವುದಿಲ್ಲ.

ಆ ಸುರುಳಿಯನ್ನು ಅಂಗೈಯಲ್ಲಿ ಇಟ್ಟುಕೊಂಡಾಗ 'ಒಳಹುರಿ' ಅನ್ನುವ ಮಾತು ತಾನಾಗಿ ಬಂತು. ಅಪ್ಪನಿಗೆ ಹೇಳಿದೆ. 'ಹಂಗಂದ್ರ ತಿಳೀತೈತಿ' ಅಂದರು. ಹುರಿ ನನ್ನ ಊಹೆ, ಆ ಅರ್ಥದಲ್ಲಿ ಯಾರ ಬಾಯಲ್ಲೂ ಕೇಳಿದ ಪದವಲ್ಲ.

ಅದಕ್ಕೇ ಇಲ್ಲಿ ಕೇಳುತ್ತಿದ್ದೇನೆ. ಕಬ್ಬಿನ ಗಾಣ, ಎತ್ತಿನ ಗಾಡಿ, ಹಳೆಯ ಪಂಪ್‌ಸೆಟ್ಟು ರಿಪೇರಿ ಮಾಡಿದ ಹಿರಿಯರು ನಿಮ್ಮ ಮನೆಯಲ್ಲಿದ್ದರೆ ದಯವಿಟ್ಟು ಒಂದು ಮಾತು ಕೇಳಿ. ಒಂದು ನಟ್ಟು ಕೈಗೆ ಕೊಟ್ಟು, ಒಳಗಿನ ಏಣನ್ನು ತೋರಿಸಿ, 'ಇದಕ್ಕೆ ಏನಂತೀರಿ' ಅಂತಷ್ಟೇ ಕೇಳಿ. ನೀವು ಮೊದಲೇ ಪದ ಹೇಳಿಕೊಡಬೇಡಿ. ಅವರು ಹೇಳಿದ್ದನ್ನು ಊರಿನ ಹೆಸರಿನ ಜೊತೆ ಇಲ್ಲಿ ಬರೆಯಿರಿ.